ನನ್ನ ರಕ್ತದ ಲೆಕ್ಕ ಕೇಳಿದ ಊರು

ಸೆಲ್ವಿಯ ರಿಪೋರ್ಟಿನಲ್ಲಿ ಸಂಖ್ಯೆಗೆ ಮುಂಚೆ ಒಂದು ಪುಟ್ಟ ಗುರುತಿತ್ತು, ಮೊನೆ ಬಲಕ್ಕೆ ತಿರುಗಿದ್ದು. ಸಾವಿರಕ್ಕಿಂತ ಹೆಚ್ಚು ಎಂದು ಅದರ ಅರ್ಥ. ಅದರಿಂದಾಚೆ ಲ್ಯಾಬಿನ ಯಂತ್ರ ಎಣಿಸುವುದನ್ನೇ ಬಿಟ್ಟುಬಿಡುತ್ತದೆ. ನನ್ನ ರಿಪೋರ್ಟಿನಲ್ಲೂ ಅದೇ ಗುರುತಿತ್ತು, ಮೊನೆ ಮಾತ್ರ ಎಡಕ್ಕೆ. ಎರಡಕ್ಕಿಂತ ಕಡಿಮೆ. ಅಲ್ಲಿಂದ ಕೆಳಗೆ ಎಣಿಸಲು ಯಂತ್ರಕ್ಕೆ ಏನೂ ಸಿಗುವುದಿಲ್ಲ.

ಶಿವಮೊಗ್ಗಕ್ಕೆ ಬಂದು ಆಗ ಇನ್ನೂ ಎರಡು ವಾರವಾಗಿರಲಿಲ್ಲ. ಸಿಂದಗಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟವಳು ಬಿ.ಎಸ್ಸಿ. ನರ್ಸಿಂಗ್ ಸರ್ಟಿಫಿಕೇಟು, ಡಯಾಲಿಸಿಸ್ ತರಬೇತಿಯ ಪತ್ರ, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ತಂದಿದ್ದೆ. ಇಲ್ಲಿಯವರು ಕೇಳಿದ್ದು ಇವು ಯಾವುದನ್ನೂ ಅಲ್ಲ. ಕೆಲಸಕ್ಕೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಸರೋಜ ಸಿಸ್ಟರ್ ಎಂಬುವವರಿದ್ದಾರೆ. ಸೋಂಕು ಹರಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರು ನನ್ನ ಸರ್ಟಿಫಿಕೇಟುಗಳನ್ನು ಪಕ್ಕಕ್ಕಿಟ್ಟು, ಯಾವ ಯಾವ ಲಸಿಕೆ ಆಗಿದೆ, ಚಿಕನ್ ಪಾಕ್ಸ್ ಬಂದಿತ್ತಾ, ದಡಾರದ ಚುಚ್ಚುಮದ್ದು ಎರಡೂ ಆಗಿದೆಯಾ, ಹೆಪಟೈಟಿಸ್ ಬಿ ಮೂರು ಡೋಸ್ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ದೀಯಾ ಎಂದು ಕೇಳಿದರು. ಮೂರು ಡೋಸ್ ಮುಗಿದಿತ್ತು. ಆದರೆ ಅದಾದ ಮೇಲೂ ಪರೀಕ್ಷೆ ಇರುತ್ತದೆ ಎಂಬುದು ಪುಸ್ತಕದಲ್ಲಿ ಓದಿದ್ದ ಸಂಗತಿಯಾಗಿತ್ತೇ ಹೊರತು, ನನ್ನ ಮೈಗೆ ಸಂಬಂಧಿಸಿದ್ದು ಎಂದು ಅನ್ನಿಸಿರಲಿಲ್ಲ.

ಬಿಜಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಂದು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕೇಳಿದ್ದು ರಾತ್ರಿ ಪಾಳಿ ಮಾಡುತ್ತೀಯಾ, ಮದುವೆ ಯಾವಾಗ ಎನ್ನುವುದಷ್ಟೆ. ನರ್ಸ್ ಎಂದರೆ ರೋಗಿಯ ಮೈಗೆ ಸೂಜಿ ಹಾಕುವವಳು. ಅವಳ ಮೈಯೊಳಗೆ ಏನಿದೆ ಎಂದು ನೋಡುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಇಲ್ಲಿ ಮೊದಲು ನನ್ನನ್ನೇ ರೋಗಿಯಂತೆ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದರು. ಅವಮಾನವೇನೂ ಆಗಲಿಲ್ಲ. ರಿಪೋರ್ಟ್ ಬಂದ ದಿನ ಆಯಿತು.

ಹೆಪಟೈಟಿಸ್ ಬಿ ರಕ್ತದಿಂದ ಹರಡುವ, ಲಿವರ್ ತಿನ್ನುವ ಕಾಯಿಲೆ. ಲಸಿಕೆ ಹಾಕಿಸಿಕೊಂಡರೆ ಅದನ್ನು ಎದುರಿಸುವ ಆಂಟಿಬಾಡಿ ನಮ್ಮ ರಕ್ತದಲ್ಲಿ ಹುಟ್ಟಬೇಕು. ಹತ್ತು ಯೂನಿಟ್ ಇದ್ದರೆ ಸಾಕು, ಕಡಿಮೆಯಿದ್ದರೆ ರಕ್ಷಣೆ ಇದೆ ಎಂದು ನಂಬುವಂತಿಲ್ಲ. ನನ್ನ ಕಾಗದ ನೋಡಿದ ಸರೋಜ ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಡಯಾಲಿಸಿಸ್‌ಗೆ ಈಗ ಬೇಡ ಮಹಾದೇವಿ. ಅಲ್ಲಿ ರಕ್ತ ಮೈ ಹೊರಗೇ ಓಡಾಡ್ತಿರುತ್ತೆ. ಇದು ಸರಿ ಆಗೋ ತನಕ ಓಪಿಡೀಲಿ ಇರು."

ಡಯಾಲಿಸಿಸ್ ಘಟಕ ನನಗೆ ಏಕೆ ಬೇಕಿತ್ತು ಎಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನಾನು ಹೊಸಬರೊಂದಿಗೆ ಸುಲಭವಾಗಿ ಮಾತನಾಡುವವಳಲ್ಲ. ಡಯಾಲಿಸಿಸ್ಸಿಗೆ ಬರುವವರು ವಾರಕ್ಕೆ ಎರಡೋ ಮೂರೋ ಸಲ, ಸಲಕ್ಕೆ ನಾಲ್ಕು ತಾಸಿನಂತೆ, ವರ್ಷಗಟ್ಟಲೆ, ಅದೇ ಮಂಚಕ್ಕೆ ಬರುತ್ತಾರೆ. ಒಮ್ಮೆ ಪರಿಚಯವಾದರೆ ಮತ್ತೆ ಪರಿಚಯ ಮಾಡಿಕೊಳ್ಳುವ ಕಷ್ಟವಿಲ್ಲ. ಗೊತ್ತಿಲ್ಲದ ಊರಿನಲ್ಲಿ ಆ ಹತ್ತಿಪ್ಪತ್ತು ಮುಖಗಳು ನನ್ನವಾಗುತ್ತವೆ ಎಂದುಕೊಂಡೇ ಬಂದಿದ್ದೆ. ಕೆಲಸವೂ ನನ್ನ ಕೈಗೆ ಹತ್ತಿತ್ತು. ಈಗ ಆ ಜಾಗಕ್ಕೆ ಸೆಲ್ವಿಯನ್ನು ಹಾಕಿದರು. ಅವಳಿಗೆ ಅದು ಬೇಕಿರಲೇ ಇಲ್ಲ.

"ನಂಗೆಂತಕ್ಕೆ ಮಾರಾಯ್ತಿ ಅದು? ಆ ಮಿಷಿನ್ ಸದ್ದಿಗೇ ನಿದ್ದೆ ಬರುತ್ತೆ," ಎಂದಳು ರೂಮಿಗೆ ಬಂದು, ಮಂಚದ ಮೇಲೆ ಬಿದ್ದುಕೊಂಡು.

ಸೆಲ್ವಿ ನನ್ನೊಂದಿಗೇ ಕೆಲಸಕ್ಕೆ ಸೇರಿದ ನರ್ಸ್, ನನ್ನ ರೂಮಿನವಳು ಎಂದು ಮೊದಲೇ ಹೇಳಬೇಕಿತ್ತು. ನವುಲೆಯಲ್ಲಿ, ಕೃಷಿ ಕಾಲೇಜಿನ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಮನೆಯ ಮಹಡಿ ರೂಮು. ಆಸ್ಪತ್ರೆಯವರೇ ಇಬ್ಬರನ್ನೂ ಅಲ್ಲಿಗೆ ಸೇರಿಸಿದರು. ಅವಳ ಊರು ಭದ್ರಾವತಿ, ನ್ಯೂ ಟೌನ್. ತಾತನ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಕುಟುಂಬ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಬೇಕಾದರೆ ಉರ್ದು. ಬಸ್ಸು ಹತ್ತಿದರೆ ಮನೆ. ರಜೆಯ ದಿನ ಹೋಗಿ ಡಬ್ಬಿ ತುಂಬಾ ಸಾರು, ಪಲ್ಯ, ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮು ತರುತ್ತಾಳೆ. ನನ್ನ ಕಡಕ್ ರೊಟ್ಟಿ ಇಲ್ಲಿಯ ಗಾಳಿಗೆ ಒಂದು ವಾರದಲ್ಲಿ ಹಪ್ಪಳ ನೆನೆದಂತೆ ಆಯಿತು. ನಮ್ಮ ಕಡೆ ಅದು ತಿಂಗಳಿದ್ದರೂ ಮುರಿದರೆ ಸದ್ದು ಬರುತ್ತದೆ.

ನೀರೂ ಬೇರೆ. ನಮ್ಮ ಕೊಳವೆಬಾವಿಯ ಸವಳು ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಇಲ್ಲಿ ತುಂಗೆಯ ನೀರಿಗೆ ಸ್ವಲ್ಪ ತಾಗಿಸಿದರೂ ನೊರೆಯೋ ನೊರೆ, ಎಷ್ಟು ಸುರಿದುಕೊಂಡರೂ ಮೈ ಜಾರುತ್ತಲೇ ಇರುತ್ತದೆ. ಮೊದಲ ವಾರವೆಲ್ಲ ಸ್ನಾನ ಮುಗಿದ ಮೇಲೂ ಮುಗಿದಿಲ್ಲ ಎನ್ನಿಸುತ್ತಿತ್ತು. ಸೆಲ್ವಿಯ ಕೂದಲು ಮಾತ್ರ ಈ ನೀರಿಗೆಂದೇ ಬೆಳೆದಂತೆ ಹೊಳೆಯುತ್ತಿತ್ತು.

ಓಪಿಡಿಯಲ್ಲಿ ನನ್ನ ಕೆಲಸ ಬಿಪಿ ನೋಡುವುದು, ತೂಕ ನೋಡುವುದು, ಹೆಸರು ಕೂಗುವುದು. ದಿನವೂ ಹೊಸ ಮುಖ. ನಾನು "ಕುಂದರ್ರಿ" ಎಂದ ಕೂಡಲೇ ತಲೆಯೆತ್ತಿ, ಯಾವೂರಮ್ಮ ನಿಮ್ದು ಎಂದು ಕೇಳುತ್ತಿದ್ದರು. ಬಿಜಾಪುರ ಎಂದರೆ, ಅಬ್ಬ ಅಷ್ಟು ದೂರದಿಂದಾ ಎನ್ನುತ್ತಿದ್ದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೂ ದಿನಕ್ಕೆ ಅಷ್ಟು ಸಲ ದೂರದವಳಾಗುವುದು ಆಯಾಸದ ಕೆಲಸ. ಕ್ರಮೇಣ "ಕೂತ್ಕೊಳ್ಳಿ" ಎನ್ನಲು ಕಲಿತೆ. ಪ್ರಶ್ನೆ ಅರ್ಧಕ್ಕರ್ಧ ಕಡಿಮೆಯಾಯಿತು.

ಸಂಜೆ ಸೆಲ್ವಿ ಡಯಾಲಿಸಿಸ್ಸಿನ ಸುದ್ದಿ ತರುತ್ತಿದ್ದಳು. ಹೆಚ್ಚಾಗಿ ಆರುಮುಗಂ ತಾತನ ಸುದ್ದಿ. ಭದ್ರಾವತಿ ಓಲ್ಡ್ ಟೌನಿನವರು, ಕಾರ್ಖಾನೆಯ ಕುಲುಮೆ ಹತ್ತಿರ ದುಡಿದವರು, ಆ ಗದ್ದಲಕ್ಕೆ ಕಿವಿ ಮಂದವಾಗಿ ಈಗಲೂ ಎಲ್ಲರೊಂದಿಗೂ ಕೂಗಿಯೇ ಮಾತಾಡುತ್ತಾರಂತೆ. ಸೆಲ್ವಿ ತಮಿಳಿನಲ್ಲಿ ಹೇಳಿದರೆ ಮಾತ್ರ ಕೈ ಚಾಚುತ್ತಾರಂತೆ. ಮೊದಲ ದಿನ ಅವಳು ಅವರ ಕೈಗೆ ಸೂಜಿ ಹಾಕಲು ಎರಡು ಸಲ ಚುಚ್ಚಬೇಕಾಯಿತೆಂದು ನಗುತ್ತಾ ಹೇಳಿದಳು. ನಾನಾಗಿದ್ದರೆ ಒಂದೇ ಸಲಕ್ಕೆ ಹಾಕುತ್ತಿದ್ದೆ ಎಂದುಕೊಂಡೆ. ಹೊರಗೆ ಹೇಳಿದ್ದು, ನಿಧಾನಕ್ಕೆ ರೂಢಿಯಾಗುತ್ತದೆ ಎಂದು.

ಅವಳ ಮೇಲೆ ನನಗೆ ಒಂದೇ ಒಂದು ಗೆಲುವಿತ್ತು. ಚಿಕ್ಕಂದಿನಲ್ಲಿ ನನಗೆ ಮೈಮೇಲೆ ಅಮ್ಮ ಎದ್ದಿತ್ತು. ಚಿಕನ್ ಪಾಕ್ಸ್ ಎಂದು ಇಲ್ಲಿಯವರು ಕೇಳಿದ್ದು ಅದನ್ನೇ. ಪರೀಕ್ಷೆಯಲ್ಲಿ ನನ್ನ ರಕ್ತ ಅದಕ್ಕೆ ಭದ್ರವಾಗಿದೆ ಎಂದು ಬಂತು. ಸೆಲ್ವಿಗೆ ಅದು ಬಂದೇ ಇರಲಿಲ್ಲ, ಲಸಿಕೆಯೂ ಆಗಿರಲಿಲ್ಲ. ಅವಳು ತಿಂಗಳು ಬಿಟ್ಟು ಎರಡು ಡೋಸ್ ಹಾಕಿಸಿಕೊಳ್ಳಬೇಕಾಯಿತು. ಒಂದು ದಿನ ಆ ಕಾಯಿಲೆಯ ಮಗುವೊಂದು ಬಂದಾಗ ಸರೋಜ ಸಿಸ್ಟರ್ ಅವಳನ್ನು ದೂರ ಕಳಿಸಿ ನನ್ನನ್ನು ಕರೆದರು. ಆ ಮಗುವಿನ ಬೆನ್ನಿಗೆ ಲೋಷನ್ ಹಚ್ಚುವಾಗ ನನಗಾದ ಹೆಮ್ಮೆಯನ್ನು ಬರೆಯಲೂ ನಾಚಿಕೆಯಾಗುತ್ತದೆ.

ಅವ್ವನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವಳಿಗೆ ಸಿಟ್ಟು ಬಂತು. "ಬಂಗಾರದಂಥಾ ರಗತ ನಿಂದು. ಅದ್ರಾಗ ಏನ್ ಕಡಿಮಿ ಐತಂತ ಅವರಿಗೆ? ಬಿಜಾಪುರದಾಗೂ ಡಯಾಲಿಸಿಸ್ ಮಾಡ್ತಾರಂತ. ಬಂದ್ಬಿಡು. ಇಲ್ಲಿ ಯಾರೂ ಕೇಳಂಗಿಲ್ಲ."

ಅದು ನಿಜ. ವಾಪಸ್ಸು ಹೋದರೆ ಮರುದಿನವೇ ನನಗೆ ಬೇಕಾದ ಕೆಲಸ ಸಿಗುತ್ತಿತ್ತು, ಏಕೆಂದರೆ ನನಗೆ ಗೊತ್ತಿದ್ದ ಕಡೆ ಯಾರೂ ಕೇಳುವುದಿಲ್ಲ. ನಮ್ಮೂರಿನ ಆ ಪ್ರೀತಿಯಲ್ಲಿ ನನ್ನ ಬಗ್ಗೆ ಒಂದು ಅಲಕ್ಷ್ಯವೂ ಇದೆ ಎಂದು ಮೊದಲ ಸಲ ಅನ್ನಿಸಿತು. ಇಲ್ಲಿಯ ಬಿಗುವಿನಲ್ಲಿ ಕಾಳಜಿ ಇದೆ ಎಂದು ಒಪ್ಪಿಕೊಳ್ಳಲು ಮಾತ್ರ ಸೆಲ್ವಿ ಅಡ್ಡ ಬರುತ್ತಿದ್ದಳು. ಆ ಕಾಳಜಿಯಿಂದ ಲಾಭವಾದದ್ದು ಅವಳಿಗೆ.

ಲಸಿಕೆ ನನ್ನ ಮೈಗೆ ಹತ್ತದ ಕಾರಣ ಗೊತ್ತಾದದ್ದೂ ಅವಳಿಂದಲೇ. ಒಂದು ದಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಫ್ಲೂ ಲಸಿಕೆ ಹಾಕಿದ್ದರು. ಮರುದಿನ ಬೆಳಿಗ್ಗೆ ಸೆಲ್ವಿ ಕೈ ಎತ್ತಲಾಗದೆ, ಜಡೆ ಹಾಕಿಕೊಡು ಎಂದು ನನ್ನ ಮುಂದೆ ಬಂದು ಕೂತಳು. ಆ ಹೊಳೆಯುವ ಕೂದಲನ್ನು ಮೂರು ಪಾಲು ಮಾಡುತ್ತಿದ್ದೆ.

"ಹೆಪಟೈಟಿಸ್ ಹಾಕ್ಸ್ಕೊಂಡಾಗಂತೂ ಎರಡು ದಿನ ತಟ್ಟೆ ಎತ್ತಕ್ಕೂ ಆಗಿರ್ಲಿಲ್ಲ ಕಣೇ. ನಿಂಗೂ ಹಂಗೇ ಆಗಿತ್ತಾ?"

ಇಲ್ಲ, ನಮಗೆ ಸೊಂಟಕ್ಕೆ ಹಾಕಿದ್ದರು ಎಂದೆ.

ಅವಳು ಜಡೆ ನನ್ನ ಕೈಯಲ್ಲಿರುವಾಗಲೇ ತಿರುಗಿದಳು. "ಸೊಂಟಕ್ಕಾ? ಮೂರೂನಾ?"

ಮೂರೂ. ನಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ನೆನಪಿರುತ್ತದೆ. ಲಸಿಕೆ ಬರುತ್ತಿದ್ದುದು ಶನಿವಾರ. ಸೀನಿಯರ್ ಹುಡುಗಿಯರು ಜೂನಿಯರ್‌ಗಳಿಗೆ ಹಾಕುವುದು ವಾಡಿಕೆ, ಅವರಿಗೂ ಕೈ ಪಳಗಲಿ ಎಂದು. ಭಾನುವಾರ ಬಟ್ಟೆ ಒಗೆಯುವ ದಿನ. ವಾರದ ಚಾದರ, ಬಿಳಿ ಯೂನಿಫಾರ್ಮು, ಎಲ್ಲವನ್ನೂ ಆ ಸವಳು ನೀರಿನಲ್ಲಿ ಕಲ್ಲಿಗೆ ಬಡಿದು ಬಡಿದು ಒಗೆಯಬೇಕು. ತೋಳು ನೋಯುತ್ತಿದ್ದರೆ ಒಗೆಯುವುದು ಹೇಗೆ? ಹಾಗಾಗಿ ಯಾವುದೋ ಬ್ಯಾಚಿನವರು ಸೊಂಟಕ್ಕೆ ಹಾಕಿಸಿಕೊಂಡರು. ಮುಂದಿನವರು ಅದನ್ನೇ ಮಾಡಿದರು. ನಮ್ಮ ಕಾಲಕ್ಕೆ ಹಾಗೆ ಹಾಕುವುದೇ ಸರಿ ಎಂಬಂತಾಗಿತ್ತು. ದೊಡ್ಡವರಿಗೆ ಈ ಲಸಿಕೆಯನ್ನು ತೋಳಿನ ಸ್ನಾಯುವಿಗೇ ಕೊಡಬೇಕು ಎಂದು ಅದೇ ವರ್ಷ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು. ಬರೆದದ್ದಕ್ಕೂ ಭಾನುವಾರಕ್ಕೂ ಏನು ಸಂಬಂಧ ಎಂದು ಯಾರಿಗೂ ತೋಚಲಿಲ್ಲ.

"ಅಲ್ಲಿ ಬರೀ ಕೊಬ್ಬಲ್ವೇನೇ," ಎಂದಳು ಸೆಲ್ವಿ. "ಔಷಧಿ ಕೆಲ್ಸಕ್ಕೇ ಹೋಗಿಲ್ಲ. ಅಲ್ಲೇ ಮೆತ್ತಗೆ ಜಾಗ ಸಿಕ್ತು ಅಂತ ಮಲ್ಕೊಂಡಿದೆ ಬಿಜಾಪುರದ ಹುಡುಗೀಲಿ."

ನಗು ಬಂತು. ಅದರ ಹಿಂದೆಯೇ, ಇದನ್ನೂ ಇವಳೇ ಹೇಳಬೇಕಾಯಿತಲ್ಲ ಎಂಬ ಉರಿಯೂ ಬಂತು. ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಹಾಕಿದೆ.

ಅಂದೇ ಸರೋಜ ಸಿಸ್ಟರಿಗೆ ಹೇಳಿದೆವು. ಸೊಂಟಕ್ಕೆ ಹಾಕಿದವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮೊದಲಿನಿಂದ ಶುರುಮಾಡೋಣ ಎಂದರು ಅವರು. ಈಗೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಕೊನೆಯದು. ಅದಾಗಿ ಒಂದು ತಿಂಗಳ ಮೇಲೆ ಪರೀಕ್ಷೆ. ಅಲ್ಲಿಯವರೆಗೆ ಓಪಿಡಿ. ಆಗಲೂ ಬರದಿದ್ದರೆ ಎಂದು ಕೇಳಿದೆ. ಕೆಲವರ ಮೈ ಲಸಿಕೆಗೆ ಓಗೊಡುವುದೇ ಇಲ್ಲ, ಹಾಗಾದರೆ ನಿನಗೆ ಬೇರೆ ಜಾಗ ನೋಡೋಣ ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವವರಲ್ಲ ಅವರು.

ಎರಡನೇ ಡೋಸ್ ಹಾಕಿದ್ದು ಸೆಲ್ವಿ. ಚೆನ್ನಾಗಿ ಹಾಕಿದಳು, ಸೂಜಿ ಹೊಕ್ಕದ್ದೇ ಗೊತ್ತಾಗಲಿಲ್ಲ. ಮರುದಿನ ತೋಳು ಕಲ್ಲಿನಂತಾಯಿತು. ಆ ನೋವು ನನಗೆ ಹಿತವಾಗಿತ್ತು. ಒಳಗೆ ಯಾರೋ ಕೊನೆಗೂ ಕೆಲಸಕ್ಕೆ ಇಳಿದಿದ್ದಾರೆ ಎನ್ನಿಸುತ್ತಿತ್ತು. ರಜೆಯಾದ್ದರಿಂದ ಅವಳು ನನ್ನನ್ನು ಭದ್ರಾವತಿಗೆ ಎಳೆದುಕೊಂಡು ಹೋದಳು.

ನ್ಯೂ ಟೌನಿನ ಅಗಲ ರಸ್ತೆಗಳು, ಒಂದರ ಪಕ್ಕ ಒಂದರಂತೆ ಒಂದೇ ಅಳತೆಯ ಕ್ವಾರ್ಟರ್ಸು ನೋಡಿ ಬೇರೆ ಯಾವುದೋ ರಾಜ್ಯಕ್ಕೆ ಬಂದಂತಾಯಿತು. ನಮ್ಮ ಕಡೆ ಊರು ತನಗೆ ಬೇಕಾದಂತೆ ಬೆಳೆಯುತ್ತದೆ. ಇಲ್ಲಿ ಯಾರೋ ಮೊದಲು ಗೆರೆ ಎಳೆದು ಆಮೇಲೆ ಜನರನ್ನು ಕರೆದಿದ್ದಾರೆ. ಆದರೆ ಒಳಗೆ ಹೋದರೆ ಪ್ರತಿ ಮನೆಯವರಿಗೂ ಇನ್ನೊಂದು ಊರಿದೆ. ಎದುರು ಮನೆಯವರು ತೆಲುಗು, ಪಕ್ಕದವರು ಹಾಸನದ ಕಡೆಯವರು. ಬಂದು ಎರಡು ತಲೆಮಾರಾದರೂ ಸೆಲ್ವಿಯ ಅಮ್ಮ ತಮಿಳುನಾಡಿನ ತಮ್ಮ ಅತ್ತೆಯ ಊರನ್ನು ಊರು ಎಂದೇ ಕರೆಯುತ್ತಾರೆ. ಭದ್ರಾವತಿಯನ್ನು ಮನೆ ಎನ್ನುತ್ತಾರೆ.

ಊಟಕ್ಕೆ ಕೂತಾಗ ನಾನು ತೋಳನ್ನು ಹಿಡಿದುಕೊಂಡದ್ದು ಅವರ ಕಣ್ಣಿಗೆ ಬಿತ್ತು. ಏನಮ್ಮಾ ಎಂದರು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಹಂಚಿನ ಮೇಲೆ ಉಪ್ಪು ಬಿಸಿ ಮಾಡಿ, ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ನನ್ನ ತೋಳಿಗೆ ಒತ್ತತೊಡಗಿದರು. ಚುಚ್ಚಿದ ಜಾಗಕ್ಕೆ ಶಾಖ ಕೊಡಬೇಡಿ ಎಂದು ರೋಗಿಗಳಿಗೆ ದಿನಾ ಹೇಳುವ ಇಬ್ಬರು ನರ್ಸುಗಳು ಬಾಯಿಬಿಡದೆ ಕೂತಿದ್ದೆವು. ಅವರು ಮಗಳಿಗೆ ಬೈಯುತ್ತಲೇ ಇದ್ದರು, ಪಾಪದ ಹುಡುಗಿಗೆ ಹೀಗಾ ಚುಚ್ಚುವುದು ಎಂದು. ಈ ಬೈಗುಳವೂ ಸೆಲ್ವಿಗೆ ವಾರವಾರ ಸಿಗುತ್ತದೆ ಎಂದು ನನಗೆ ಹೊಟ್ಟೆಯುರಿಯಿತು. ನನ್ನ ಅವ್ವ ಆ ಹೊತ್ತಿಗೆ ಸಿಂದಗಿಯಲ್ಲಿ ಒಬ್ಬಳೇ ಊಟಕ್ಕೆ ಕೂತಿರುತ್ತಾಳೆ. ಅವಳಿಗೆ ನನ್ನ ತೋಳು ನೋಯುವುದೇ ಗೊತ್ತಿಲ್ಲ.

ಆರು ತಿಂಗಳು ಕಳೆಯಿತು. ನಾನು ಅಕ್ಕಿರೊಟ್ಟಿಗೆ ಒಗ್ಗಿಕೊಂಡೆ. ಸಾಬೂನು ಕಡಿಮೆ ತಿಕ್ಕಲು ಕಲಿತೆ. ಮನೆಯ ಓನರ್ ಆಂಟಿ ನನಗೂ ಮಾರಾಯ್ತಿ ಎನ್ನತೊಡಗಿದರು. ಇಷ್ಟರಲ್ಲಿ ಸೆಲ್ವಿಗೂ ಡಯಾಲಿಸಿಸ್ ಕೈಗೆ ಹತ್ತಿತ್ತು. ಮಿಷಿನ್ ಸದ್ದಿನ ಬಗ್ಗೆ ದೂರುವುದನ್ನು ಬಿಟ್ಟಿದ್ದಳು. ಆರುಮುಗಂ ತಾತ ಅವಳಿಗೆ ಮದುವೆಗೆ ಗಂಡು ನೋಡುತ್ತಿದ್ದರು. ಅದನ್ನೆಲ್ಲ ಕೇಳುತ್ತಾ ನಾನು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ, ಒಮ್ಮೆ ಹಾಕಿದ್ದಕ್ಕೆ ಮತ್ತೊಮ್ಮೆ.

ಮೂರನೆಯ ಡೋಸ್ ಆಗಿ, ಅದರ ತಿಂಗಳೂ ಮುಗಿದು, ರಕ್ತ ಕೊಟ್ಟು, ಕಳೆದ ವಾರ ರಿಪೋರ್ಟ್ ಬಂತು. ನೂರು ದಾಟಿತ್ತು. ಈ ಸಲ ಸಂಖ್ಯೆಗೆ ಮುಂಚೆ ಯಾವ ಗುರುತೂ ಇರಲಿಲ್ಲ. ಸುಮ್ಮನೆ ಒಂದು ಸಂಖ್ಯೆ. ನನಗೆ ಮೊದಲು ತೋಚಿದ್ದು ಸೆಲ್ವಿಯ ಸಾವಿರ. ಮುಖದಲ್ಲಿ ಏನೋ ಕಂಡಿರಬೇಕು, ಸರೋಜ ಸಿಸ್ಟರ್ ನಕ್ಕರು.

"ಹತ್ತು ಸಾಕು ಕಣೇ. ಸಾವಿರ ಇದ್ದೋರಿಗೆ ಸಂಬಳ ಜಾಸ್ತಿ ಕೊಡ್ತಾರಾ? ನಾಳೆಯಿಂದ ಡಯಾಲಿಸಿಸ್‌ಗೆ ಹೋಗು. ಸೆಲ್ವೀನ ಹೆಂಗಸರ ವಾರ್ಡಿಗೆ ಹಾಕ್ತೀನಿ."

ಅವ್ವನಿಗೆ ಫೋನ್ ಮಾಡಿದೆ. ನನ್ನ ರಕ್ತ ಸರಿಯಾಯಿತು ಎಂದೆ. ಮೊದಲೇ ಸರಿ ಇತ್ತು ಎಂದಳು. ಆಮೇಲೆ, "ಹಂಗಾದ್ರ ನೀ ಇನ್ನ ಬರಂಗಿಲ್ಲ," ಎಂದಳು. ಹಬ್ಬಕ್ಕೆ ಬರುತ್ತೇನೆ ಎಂದೆ. ಅವಳು ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಸೆಲ್ವಿ ರೂಮಿಗೆ ಬಂದವಳು ದಿನದಂತೆ ಮಂಚದ ಮೇಲೆ ಬೀಳಲಿಲ್ಲ. ಕಿಟಕಿಯ ಹತ್ತಿರ ಕೂತು ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದಳು. ನಾನು ಟೀ ಮಾಡಿದೆ. ಲೋಟ ತೆಗೆದುಕೊಂಡು ಅವಳು ನನ್ನನ್ನು ನೇರವಾಗಿ ನೋಡಿದಳು.

"ನಂಗೆ ಹೊಟ್ಟೆಕಿಚ್ಚು ಆಗ್ತಿದೆ ಮಾರಾಯ್ತಿ. ನಿನ್ ಮೇಲೆ."

ಅಷ್ಟೇ. ಹೇಳಿ ಟೀ ಊದಿಕೊಂಡು ಕುಡಿದಳು. ಇಷ್ಟು ತಿಂಗಳು ನಾನು ರೂಮಿನ ಮೂಲೆಯಲ್ಲಿ ಮುಚ್ಚಿಟ್ಟುಕೊಂಡು ಕಾದದ್ದನ್ನು ಅವಳು ಒಂದು ಗುಟುಕಿಗೂ ಮುಂಚೆ ಹೇಳಿ ಮುಗಿಸಿದ್ದಳು. ನನಗೂ ನಿನ್ನ ಮೇಲೆ ಆಗಿತ್ತು ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಅಷ್ಟು ಸುಲಭವಾಗಿ ಹೇಳಿಬಿಡುವ ಅವಳ ನಾಲಿಗೆಯ ಮೇಲೂ ನನಗೆ ಅಸೂಯೆಯಾಯಿತು. ಕೊನೆಗೆ, ಆರುಮುಗಂ ತಾತನಿಗೆ ತಮಿಳಿನಲ್ಲಿ ಏನು ಹೇಳುತ್ತೀಯೆಂದು ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. "ಕೈಯೆ ನೀಟ್ಟುಂಗ ತಾತಾ. ಕೈ ಚಾಚಿ ಅಂತ. ಹೇಳು ನೋಡಣ."

ಹೇಳಿದೆ. ನಕ್ಕಳು. ಮತ್ತೆ ಹೇಳಿಸಿದಳು. ನೋವಾಗಲ್ಲ ಅಂತ ಮಾತ್ರ ಹೇಳಬೇಡ, ತಾತನಿಗೆ ಸುಳ್ಳು ಆಗಲ್ಲ ಎಂದು ಎಚ್ಚರಿಸಿದಳು. ಸೂಜಿ ಹಾಕುವ ಜಾಗವನ್ನು ತನ್ನ ತೋಳಿನ ಮೇಲೆ ಬೆರಳಿಟ್ಟು ತೋರಿಸಿದಳು. ಆ ಜಾಗ ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಪೂರ್ತಿ ನೋಡಿದೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಮಿಷಿನ್ ಸಿದ್ಧ ಮಾಡಿದೆ. ಆರುಮುಗಂ ತಾತ ಬಂದು ತಮ್ಮ ಮಂಚದ ಮೇಲೆ ಮಲಗಿದರು. ಸೆಲ್ವಿ ಎಲ್ಲಿಗೆ ಹೋದಳಮ್ಮಾ ಎಂದು ಇಡೀ ಘಟಕಕ್ಕೆ ಕೇಳುವಂತೆ ಕೂಗಿದರು. ನಾನು ಕಿವಿಯ ಹತ್ತಿರ ಬಗ್ಗಿ ಕಲಿತದ್ದನ್ನು ಹೇಳಿದೆ. ಗಾಬರಿಗೆ ಕೊನೆಯಲ್ಲಿ ಒಂದು "ರೀ" ಸೇರಿಕೊಂಡಿತು. ತಾತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕೈ ಚಾಚಿದರು. ಡಯಾಲಿಸಿಸ್ಸಿಗೆಂದು ಆಪರೇಷನ್ ಮಾಡಿ ಜೋಡಿಸಿದ ಅವರ ತೋಳಿನ ರಕ್ತನಾಳದ ಮೇಲೆ ಬೆರಳಿಟ್ಟೆ. ನಮ್ಮೂರಿನ ಹಿಟ್ಟಿನ ಗಿರಣಿಯ ಗೋಡೆಗೆ ಅಂಗೈ ಒತ್ತಿದಂತೆ ಒಳಗೆ ಸಣ್ಣಗೆ ನಡುಗುತ್ತಿತ್ತು.

"ಯಾವೂರಮ್ಮಾ ನೀನು?" ಎಂದರು.

"ಹೇಳ್ತೀನಿ ತಾತಾ. ನಾಲ್ಕು ತಾಸು ಐತಲ್ಲ ನಮಗ," ಎಂದು ಸೂಜಿ ಹಾಕಿದೆ. ಒಂದೇ ಸಲಕ್ಕೆ ಹೋಯಿತು.